ಐವತ್ತು ತುಂಬಿದವರಿಗೆ ಒಂದು ಬಂದೂಕು: ಉಡುಗೊರೆಯ ಆಯ್ಕೆ ಹೇಗೆ?

ಉಡುಗೊರೆಯಾಗಿ ಕೊಡುವ ಬಂದೂಕಿಗೆ ಒಂದು ತೊಡಕು ಅಂಟಿಕೊಂಡೇ ಬರುತ್ತದೆ: ಆರಿಸುವವರು ಒಬ್ಬರು, ಭುಜಕ್ಕೆ ಆನಿಸುವವರು ಇನ್ನೊಬ್ಬರು. ಆರಿಸುವವರ ಕಣ್ಣು ಕೆತ್ತನೆಯ ಮೇಲೆ, ಮರದ ಎಳೆಯ ಮೇಲೆ, ತಯಾರಕರ ಹೆಸರಿನ ಮೇಲೆ ನಿಲ್ಲುತ್ತದೆ. ಪಡೆದವರಿಗೆ ಮೊದಲ ದಿನವೇ ಗೊತ್ತಾಗುವುದು ಅದರ ತೂಕ, ಉದ್ದ ಮತ್ತು ಒದೆತ. ಇಪ್ಪತ್ತೊಂದು, ಐವತ್ತು, ಅರವತ್ತು ತುಂಬಿದ ದಿನಕ್ಕೆಂದು ಪ್ರೀತಿಯಿಂದ ಕೊಂಡ ಎಷ್ಟೋ ಬಂದೂಕುಗಳು ಕಪಾಟಿನಿಂದ ಹೊರಗೆ ಬಾರದಿರುವುದಕ್ಕೆ ಇದೇ ಕಾರಣ. ಆದ್ದರಿಂದ ಯಾವ ಮಾದರಿ ಎಂದು ಕೇಳುವ ಮೊದಲು, ಇದು ಹೊಡೆಯಲಿಕ್ಕೋ, ಇಟ್ಟು ನೋಡಲಿಕ್ಕೋ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಎರಡಕ್ಕೂ ಆಗಲಿ ಎಂದು ಹೊರಟವರು ಹೊಡೆಯಲು ಮನಸ್ಸು ಬಾರದಷ್ಟು ದುಬಾರಿಯಾದ, ಸಂಗ್ರಹಕಾರರು ತಿರುಗಿಯೂ ನೋಡದಷ್ಟು ಸಾಮಾನ್ಯವಾದ ವಸ್ತುವನ್ನು ಕೊಂಡು ತರುವುದೇ ಹೆಚ್ಚು. ಈ ಬರಹದ ಒಲವು ಹೊಡೆಯುವ ಬಂದೂಕಿನ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾನೂನಿನ ಮಾತನ್ನು ಬೇಗ ಮುಗಿಸಬಹುದು, ಆದರೆ ಬಿಡಲಾಗದು. ಬಂದೂಕು ಇಡಲು ಪರವಾನಗಿ ಬೇಕಾದಲ್ಲಿ ಅದು ಪಡೆಯುವವರ ಹೆಸರಿನಲ್ಲಿರಬೇಕು, ಮತ್ತು ಆ ಪರವಾನಗಿಯು ನೀವು ಕೊಡಲಿರುವ ಬಗೆಯ ಆಯುಧಕ್ಕೆ ಅನ್ವಯಿಸಬೇಕು. ಹಲವು ಕಡೆ ಕೋವಿಗೆ ಒಂದು ನಿಯಮ, ರೈಫಲಿಗೆ ಇನ್ನೊಂದು, ಪಿಸ್ತೂಲಿಗೆ ಮತ್ತೊಂದು. ಕೈಯಿಂದ ಕೈಗೆ ನೇರವಾಗಿ ಕೊಡುವುದೇ ಅಪರಾಧವಾಗುವ, ಅಧಿಕೃತ ವ್ಯಾಪಾರಿಯ ಮೂಲಕವೇ ವರ್ಗಾವಣೆಯಾಗಬೇಕಾದ ಪ್ರದೇಶಗಳೂ ಇವೆ. ಹೀಗಾಗಿ ಕಾಗದ ಸುತ್ತಿದ ಪೆಟ್ಟಿಗೆಯನ್ನು ಹಠಾತ್ತನೆ ಕೈಗಿಡುವ ಆಸೆಯನ್ನು ಬಿಡುವುದು ಲೇಸು. ಹುಟ್ಟುಹಬ್ಬದ ದಿನ ಒಂದು ಪತ್ರವನ್ನೋ, ಒಳ್ಳೆಯ ಚರ್ಮದ ತೋಟೆಚೀಲವನ್ನೋ ಕೊಟ್ಟು, ಬಂದೂಕನ್ನು ಅವರನ್ನೇ ಕರೆದುಕೊಂಡು ಹೋಗಿ ಅಳತೆ ಕೊಡಿಸಿ ಕೊಳ್ಳುವುದು ಕಾನೂನಿಗೂ ಒಪ್ಪುತ್ತದೆ, ಭುಜಕ್ಕೂ ಒಪ್ಪುತ್ತದೆ. ಪರವಾನಗಿಯೇ ಇಲ್ಲದವರಿಗಾದರೆ ಬಂದೂಕಿನ ಬದಲು ಗುರಿ ತರಬೇತಿಯ ಶುಲ್ಕ ಕಟ್ಟುವುದೇ ಸರಿಯಾದ ಉಡುಗೊರೆ.

ಜೋಡುನಳಿಗೆ: ಪಕ್ಕಪಕ್ಕವೋ, ಮೇಲೆಕೆಳಗೋ

ಇಲ್ಲಿ ಕೋವಿ ಎಂದರೆ ನುಣುಪು ನಳಿಗೆಯಿಂದ ಚರೆ ಹಾರಿಸುವುದು. ರೈಫಲ್ ಎಂದರೆ ಸುರುಳಿಗೆರೆಯ ನಳಿಗೆಯಿಂದ ಒಂದೇ ಗುಂಡು ಹಾರಿಸುವುದು. ಉಡುಗೊರೆಯ ಮಾತು ಬಂದಾಗ ಮೊದಲು ನೆನಪಾಗುವುದು ಜೋಡುನಳಿಗೆಯ ಕೋವಿ, ಮತ್ತು ಅದು ನ್ಯಾಯವೇ ಆಗಿದೆ. ಬಂದೂಕುಗಳಲ್ಲಿ ಬಟ್ಟೆಯ ಹಾಗೆ ಮೈಯಳತೆಗೆ ತಕ್ಕಂತೆ ಹೊಲಿಸಬಹುದಾದದ್ದು ಎಂದರೆ ಇದೇ.

ನಳಿಗೆಗಳು ಪಕ್ಕಪಕ್ಕದಲ್ಲಿರುವ ಕೋವಿ ಸಾಮಾನ್ಯವಾಗಿ ಹಗುರ, ತೆಳ್ಳಗೆ, ಕೈಯಲ್ಲಿ ಚುರುಕು. ಅದನ್ನು ಸ್ವಲ್ಪವೇ ಮಡಿಸಿದರೂ ಎರಡೂ ನಳಿಗೆಗಳಿಗೆ ತೋಟೆ ತುಂಬಬಹುದು. ಹಳೆಯ ಪದ್ಧತಿಯ ಎರಡು ಟ್ರಿಗರ್‌ಗಳಿದ್ದರೆ, ಹತ್ತಿರದ ಹಕ್ಕಿಗೆ ಚರೆ ಹರಡುವ ನಳಿಗೆ, ದೂರದ್ದಕ್ಕೆ ಚರೆ ಒತ್ತಾಗಿ ಹೋಗುವ ನಳಿಗೆ ಎಂಬ ಆಯ್ಕೆ ಬೆರಳ ತುದಿಯಲ್ಲೇ ಇರುತ್ತದೆ. ಮೇಲೆಕೆಳಗಿನ ನಳಿಗೆಯ ಕೋವಿಯಲ್ಲಿ ಕಣ್ಣಿನ ಮುಂದೆ ಒಂದೇ ಕಿರಿದಾದ ಗೆರೆ ಇರುವುದರಿಂದ ಗುರಿ ಸ್ಪಷ್ಟ. ಕೆಳಗಿನ ನಳಿಗೆ ಮೊದಲು ಹಾರುವಾಗ ಒದೆತ ನೇರವಾಗಿ ಭುಜದೊಳಗೆ ಬರುವುದರಿಂದ ಮೂತಿ ಅಷ್ಟು ಮೇಲೇಳುವುದಿಲ್ಲ, ಎರಡನೆಯ ಈಡಿಗೆ ಬೇಗ ಸಿದ್ಧವಾಗಬಹುದು. ಒಲಿಂಪಿಕ್ಸ್‌ನ ಟ್ರ್ಯಾಪ್ ಮತ್ತು ಸ್ಕೀಟ್ (ಹಾರುವ ಮಣ್ಣಿನ ಬಿಲ್ಲೆಗೆ ಗುರಿ ಹೊಡೆಯುವ ಆಟಗಳು) ಸ್ಪರ್ಧಿಗಳು ಹೆಚ್ಚುಕಡಿಮೆ ಎಲ್ಲರೂ ಇದನ್ನೇ ಹಿಡಿಯುವುದು ಆಕಸ್ಮಿಕವಲ್ಲ. ಈ ಬಗೆಗೆ ಜನಪ್ರಿಯತೆ ತಂದುಕೊಟ್ಟ ಬ್ರೌನಿಂಗ್ ಸೂಪರ್‌ಪೋಸ್ಡ್ ಕೋವಿಯು ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಮೋಸೆಸ್ ಬ್ರೌನಿಂಗ್ ಅವರ ಕೊನೆಯ ಕೃತಿಗಳಲ್ಲಿ ಒಂದು. ಅವರು 1926ರಲ್ಲಿ ಬೆಲ್ಜಿಯಮ್ಮಿನಲ್ಲಿ ತೀರಿಕೊಂಡ ಮೇಲೆ ಮಗ ವ್ಯಾಲ್ ಅದರ ಕೆಲಸವನ್ನು ಮುಂದುವರಿಸಿದರು.

ಹಾಗಾದರೆ ಯಾವುದು? ಮಣ್ಣಿನ ಬಿಲ್ಲೆ ಹೊಡೆಯುವವರಿಗೆ ಮೇಲೆಕೆಳಗಿನದೇ, ಅದರಲ್ಲಿ ಎರಡು ಮಾತಿಲ್ಲ. ಪಕ್ಕಪಕ್ಕದ ಹಗುರ ಕೋವಿಯಲ್ಲಿ ಒಂದೇ ದಿನ ನೂರು ತೋಟೆ ಹೊಡೆದರೆ ಮರುದಿನ ಭುಜ ಅದನ್ನು ನೆನಪಿಸುತ್ತದೆ. ದಿನವಿಡೀ ನಡೆದು ನಾಲ್ಕು ಈಡು ಹೊಡೆಯುವವರಿಗೆ ಪಕ್ಕಪಕ್ಕದ್ದು. ಈಗಾಗಲೇ ಒಂದು ಬಗೆಯಲ್ಲಿ ಕೈ ಪಳಗಿದವರಿಗೆ ಇನ್ನೊಂದನ್ನು ಕೊಡುವುದು ಅವರಿಗೆ ಹೊಸ ಕೆಲಸ ಕೊಟ್ಟಂತೆ, ಅದನ್ನು ಅವರು ಬಯಸಿದ್ದಾರೆಂದು ಖಚಿತವಾಗಿ ತಿಳಿದಿದ್ದರೆ ಮಾತ್ರ ಕೊಡಿ.

ಬೆಲೆಯನ್ನು ಏರಿಸುವ ಒಂದು ಸಂಗತಿಯ ಬಗ್ಗೆ ಎಚ್ಚರ ಬೇಕು. ಕೋವಿಯ ಒಳಗಿನ ಲಾಕ್, ಅಂದರೆ ಈಡು ಹಾರಿಸುವ ಯಂತ್ರ, ಎರಡು ಬಗೆಯದು: ಆನ್ಸನ್ ಮತ್ತು ಡೀಲಿ 1875ರಲ್ಲಿ ರೂಪಿಸಿದ, ಯಂತ್ರವನ್ನು ಕೋವಿಯ ನಡುಭಾಗದೊಳಗೇ ಕೂರಿಸಿದ ಬಾಕ್ಸ್‌ಲಾಕ್ ಮತ್ತು ಪಕ್ಕದ ತಗಡಿನ ಮೇಲೆಯೇ ಯಂತ್ರವನ್ನು ಜೋಡಿಸಿದ ಸೈಡ್‌ಲಾಕ್. ಸೈಡ್‌ಲಾಕ್ ದುಬಾರಿ, ನೋಡಲು ಸುಂದರ, ಮತ್ತು ಅದರ ಉದ್ದನೆಯ ತಗಡು ಕೆತ್ತನೆಗಾರರಿಗೆ ಒಳ್ಳೆಯ ಅಂಗಳ. ಈ ಅಂದಕ್ಕೆ ಬೇಡಿಕೆ ಇರುವುದರಿಂದಲೇ ಬಾಕ್ಸ್‌ಲಾಕ್ ಕೋವಿಗೆ ಒಳಗೆ ಏನೂ ಇಲ್ಲದ ಬರಿಯ ತಗಡನ್ನು ಪಕ್ಕಕ್ಕೆ ಹೊಂದಿಸಿ ಮಾರುವುದೂ ಉಂಟು. ಇದು ಮೋಸವಲ್ಲ, ಗಟ್ಟಿಮುಟ್ಟಾದ ಕೋವಿಯೇ. ಆದರೆ ಸೈಡ್‌ಲಾಕಿನ ಬೆಲೆ ಕೊಡುವ ಮೊದಲು ತಗಡಿನ ಮೇಲೆ ಒಳಗಿನ ಅಚ್ಚುಗಳ ತುದಿಗಳು ಕಾಣುತ್ತವೆಯೇ ಎಂದು ನೋಡಬೇಕು. ನನ್ನ ಅಭಿಪ್ರಾಯದಲ್ಲಿ, ಒಂದೇ ಹಣಕ್ಕೆ ಸಾಧಾರಣ ಸೈಡ್‌ಲಾಕ್ ಮತ್ತು ಅತ್ಯುತ್ತಮ ಬಾಕ್ಸ್‌ಲಾಕ್ ಎರಡೂ ಸಿಗುವಾಗ ಎರಡನೆಯದನ್ನು ಕೊಳ್ಳುವವರೇ ಜಾಣರು.

ಹಾರಿದ ಈಡಿನ ಅನಿಲದ ಒತ್ತಡದಿಂದಲೇ ಮುಂದಿನ ತೋಟೆಯನ್ನು ತುಂಬಿಕೊಳ್ಳುವ ಅರೆಸ್ವಯಂಚಾಲಿತ ಕೋವಿಯನ್ನು ಉಡುಗೊರೆಯ ಪಟ್ಟಿಗೆ ಸೇರಿಸಲು ಹಲವರು ಹಿಂಜರಿಯುತ್ತಾರೆ, ಏಕೆಂದರೆ ಅದರಲ್ಲಿ ಜೋಡುನಳಿಗೆಯ ಗಾಂಭೀರ್ಯವಿಲ್ಲ. ಆದರೆ ಒದೆತ ಅತಿ ಮೆತ್ತಗಿರುವುದು ಅದರಲ್ಲೇ. ಭುಜಕ್ಕೆ ಶಸ್ತ್ರಚಿಕಿತ್ಸೆಯಾದವರಿಗೆ ಅದು ಬೇರೆಲ್ಲ ಚೆಲುವಿಗಿಂತ ದೊಡ್ಡದು.

ಬೋರ್ ಮತ್ತು ವಯಸ್ಸು

ಬೋರ್ ಸಂಖ್ಯೆಯ ಲೆಕ್ಕ ತಲೆಕೆಳಗಾದದ್ದು. ಒಂದು ಪೌಂಡ್ ಸೀಸದಿಂದ ನಳಿಗೆಯ ಅಗಲಕ್ಕೆ ಸರಿಯಾದ ಎಷ್ಟು ಉಂಡೆಗಳನ್ನು ಮಾಡಬಹುದೋ ಅದೇ ಬೋರ್ ಆದುದರಿಂದ, ಸಂಖ್ಯೆ ಹೆಚ್ಚಾದಂತೆ ನಳಿಗೆ ಕಿರಿದಾಗುತ್ತದೆ: 12 ಬೋರ್ ಎಂದರೆ ಸುಮಾರು 18.5 ಮಿಲಿಮೀಟರ್, 20 ಬೋರ್ 15.6, 28 ಬೋರ್ 14. ಕೋವಿಯ ತೂಕವು ಚರೆಯ ತೂಕದ 96 ಪಟ್ಟು ಇರಬೇಕು ಎಂಬುದು ಹಳೆಯ ತಯಾರಕರ ಲೆಕ್ಕ. 28 ಗ್ರಾಂ ಚರೆಯ ತೋಟೆಗೆ ಸುಮಾರು 2.7 ಕಿಲೋ, 32 ಗ್ರಾಮಿಗೆ 3 ಕಿಲೋಗೂ ಸ್ವಲ್ಪ ಹೆಚ್ಚು. ಇದಕ್ಕಿಂತ ಹಗುರವಾದ ಕೋವಿ ಅಂಗಡಿಯಲ್ಲಿ ಎತ್ತಿ ನೋಡಿದಾಗ ಹಿತವೆನಿಸುತ್ತದೆ, ಹೊಡೆಯುವಾಗ ಒದೆಯುತ್ತದೆ.

ಐವತ್ತು ದಾಟಿದವರಿಗೆ 20 ಅಥವಾ 28 ಬೋರ್ ಕೋವಿ ಕೊಡುವುದನ್ನು ನಾನು ಗಟ್ಟಿಯಾಗಿ ಬೆಂಬಲಿಸುತ್ತೇನೆ. 28 ಬೋರ್ ತೋಟೆಯಲ್ಲಿ ಸಾಮಾನ್ಯವಾಗಿರುವ ಚರೆ ಸುಮಾರು 21 ಗ್ರಾಂ; ಮೇಲಿನ ಲೆಕ್ಕದ ಪ್ರಕಾರ ಅದಕ್ಕೆ 2 ಕಿಲೋ ಸಾಕಾದರೂ ಕೋವಿ ಅದಕ್ಕಿಂತ ಭಾರವಾಗಿಯೇ ಇರುವುದರಿಂದ ಒದೆತ ಹೆಚ್ಚು ತಿಳಿಯುವುದಿಲ್ಲ. ಇದರಲ್ಲಿ ಎರಡು ತೊಂದರೆಗಳಿವೆ. ಮೊದಲನೆಯದು, ತೋಟೆ ಎಲ್ಲ ಕಡೆ ಸುಲಭವಾಗಿ ಸಿಗುವುದಿಲ್ಲ. ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು: 12 ಬೋರ್ ಇರುವ ಮನೆಗೆ 20 ಬೋರ್ ಸೇರಿದಾಗ ತೋಟೆಗಳು ಬೆರೆತುಹೋಗುವ ಸಂಭವವಿದೆ. 20 ಬೋರ್ ತೋಟೆ 12 ಬೋರ್ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ನಳಿಗೆ ಖಾಲಿ ಇದೆಯೆಂದು ಭಾವಿಸಿ ಅದರ ಹಿಂದೆ 12 ಬೋರ್ ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20 ಬೋರ್ ತೋಟೆಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದಿರುವುದು ಇದೇ ಕಾರಣಕ್ಕೆ. ಬೇರೆ ಬೋರಿನ ಕೋವಿ ಕೊಡುವವರು ಅದರ ಜೊತೆಗೆ ಬೇರೆಯದೇ ಆದ ತೋಟೆಚೀಲವನ್ನೂ ಕೊಡಬೇಕು, ಮತ್ತು ಏಕೆಂದು ಹೇಳಬೇಕು.

ರೈಫಲುಗಳ ನಡುವೆ

ಬೋಲ್ಟ್ ಎಳೆದು ತುಂಬುವ ರೈಫಲುಗಳಲ್ಲಿ ಇಂದಿಗೂ 1898ರ ಜರ್ಮನಿಯ ಮೌಸರ್ ರೈಫಲಿನ ವಿನ್ಯಾಸದ ನೆರಳು ಕಾಣುತ್ತದೆ. ಉಡುಗೊರೆಗೆ ಇದು ಅತ್ಯಂತ ಸುರಕ್ಷಿತವಾದ ಆಯ್ಕೆ: ದೂರ್ಬೀನು ಕೂಡಿಸುವುದು ಸುಲಭ, ಗುರಿ ನಿಖರ, ತೋಟೆಯ ವೈವಿಧ್ಯ ಅಪಾರ. ಆದರೆ ಎಡಗೈಯವರಿಗೆ ಬಲಗಡೆಯ ಬೋಲ್ಟ್ ಕೊಡುವ ತಪ್ಪು ಆಗಾಗ ನಡೆಯುತ್ತದೆ. ಕ್ಯಾಲಿಬರ್ (ಗುಂಡಿನ ಅಗಲ) ಆರಿಸುವಾಗ ದೊಡ್ಡದನ್ನು ಕೊಟ್ಟರೆ ದೊಡ್ಡ ಉಡುಗೊರೆಯಾಗುತ್ತದೆ ಎಂಬ ಭ್ರಮೆಯೂ ಬೇಡ. 1894ರಷ್ಟು ಹಳೆಯದಾದ 6.5×55 ತೋಟೆ ಇಂದಿಗೂ ಮೆಚ್ಚುಗೆ ಉಳಿಸಿಕೊಂಡಿರುವುದು ಅದರ ಒದೆತ ಸೌಮ್ಯವಾಗಿರುವುದರಿಂದ ಮತ್ತು ಗುಂಡು ಹೋಗಬೇಕಾದಲ್ಲಿಗೆ ಹೋಗುವುದರಿಂದ.

ಲಿವರ್ ತಳ್ಳಿ ತುಂಬುವ ರೈಫಲಿನ ಆಕರ್ಷಣೆ ಬೇರೆ ಬಗೆಯದು. ಬ್ರೌನಿಂಗ್ ಅವರೇ ವಿನ್ಯಾಸಗೊಳಿಸಿದ ವಿಂಚೆಸ್ಟರ್ 1894 ಮಾದರಿ 70 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿದೆ. ಚಪ್ಪಟೆಯಾಗಿ, ಹಗುರವಾಗಿ, ಒಂದೇ ಕೈಯಲ್ಲಿ ಹಿಡಿದು ನಡೆಯಲು ಅದಕ್ಕಿಂತ ಹಿತವಾದುದು ಸಿಗುವುದು ಕಷ್ಟ. ಆದರೂ ಐವತ್ತರ ಹುಟ್ಟುಹಬ್ಬಕ್ಕೆ ಇದನ್ನು ಕೊಡುವ ಮುನ್ನ ಪಡೆಯುವವರ ಕನ್ನಡಕವನ್ನು ನೆನಪಿಸಿಕೊಳ್ಳಿ. ನಲವತ್ತೈದರ ಆಸುಪಾಸಿನಲ್ಲಿ ಹತ್ತಿರದ ದೃಷ್ಟಿ ಮಸುಕಾಗತೊಡಗಿದಾಗ ಮೊದಲು ಕೈಕೊಡುವುದು ನಳಿಗೆಯ ಮೇಲಿನ ಹಿಂಬದಿಯ ಗುರಿಗೂಟ. ಹಳೆಯ 94 ಮಾದರಿಗಳು ಖಾಲಿ ತೋಟೆಯನ್ನು ನೇರ ಮೇಲಕ್ಕೆ ಎಸೆಯುವುದರಿಂದ ದೂರ್ಬೀನನ್ನು ನಡುವೆ ಕೂಡಿಸಲು ಬರುವುದಿಲ್ಲ. 1980ರ ದಶಕದ ಆರಂಭದಲ್ಲಿ ಪಕ್ಕಕ್ಕೆ ಓರೆಯಾಗಿ ಎಸೆಯುವ ಏರ್ಪಾಡು ಬಂದ ಮೇಲಷ್ಟೇ ಇದು ಸರಿಹೋಯಿತು. ಇನ್ನೊಂದು ವಿಷಯ, ಕೊಳವೆಯಲ್ಲಿ ತೋಟೆಗಳು ಒಂದರ ಹಿಂದೆ ಒಂದು ಕೂರುವ ಈ ರೈಫಲುಗಳಿಗೆ ಚೂಪು ತುದಿಯ ಸಾಮಾನ್ಯ ಗುಂಡುಗಳನ್ನು ಹಾಕಬಾರದು. ತುದಿಯು ಮುಂದಿನ ತೋಟೆಯ ಸಿಡಿಬಿಂದುವಿಗೆ ತಾಗಿದರೆ ಕೊಳವೆಯೊಳಗೇ ಅದು ಸಿಡಿಯಬಹುದು.

ಇಪ್ಪತ್ತೊಂದು ತುಂಬಿದವರಿಗೆ, ಬಂದೂಕಿಗೆ ಹೊಸಬರಾದವರಿಗೆ, ಒಳ್ಳೆಯ .22 ರೈಫಲಿನ ಮುಂದೆ ಉಳಿದದ್ದೆಲ್ಲ ಹಿಂದೆ. 1887ರಲ್ಲಿ ಬಂದ .22 ಲಾಂಗ್ ರೈಫಲ್ ತೋಟೆ ಅಗ್ಗ, ಸದ್ದು ಕಡಿಮೆ, ಒದೆತ ಇಲ್ಲವೆಂದೇ ಹೇಳಬಹುದು. ಇದೇ ಕಾರಣಕ್ಕೆ ಇದನ್ನು ಮಕ್ಕಳಾಟವೆಂದು ಕಡೆಗಣಿಸುವವರು, 1914ರಿಂದ ತಯಾರಾದ, ಎರಡು ಭಾಗವಾಗಿ ಬಿಚ್ಚಿ ಚೀಲದಲ್ಲಿ ಇಟ್ಟುಕೊಳ್ಳಬಹುದಾದ ಬ್ರೌನಿಂಗಿನ ಪುಟ್ಟ ಅರೆಸ್ವಯಂಚಾಲಿತ .22 ರೈಫಲನ್ನು ಒಮ್ಮೆ ಕೈಗೆತ್ತಿಕೊಂಡು ನೋಡಬೇಕು. ದೊಡ್ಡ ರೈಫಲನ್ನು ವರ್ಷಕ್ಕೆರಡು ಬಾರಿ ಹೊರತೆಗೆಯುವವರು ಇದನ್ನು ತಿಂಗಳಿಗೆರಡು ಬಾರಿ ತೆಗೆಯುತ್ತಾರೆ.

ಪಿಸ್ತೂಲು ಮತ್ತು ರಿವಾಲ್ವರುಗಳ ವಿಚಾರ ಚಿಕ್ಕದು, ಏಕೆಂದರೆ ಹೆಚ್ಚಿನ ಕಡೆ ಇವುಗಳ ನಿಯಮ ಅತಿ ಬಿಗಿ. ಅವಕಾಶವಿರುವಲ್ಲಿ .357 ಮ್ಯಾಗ್ನಮ್ ರಿವಾಲ್ವರ್ ಒಳ್ಳೆಯ ಆಯ್ಕೆ, ಏಕೆಂದರೆ ಅದೇ ರಿವಾಲ್ವರಿನಲ್ಲಿ ಸೌಮ್ಯವಾದ .38 ಸ್ಪೆಷಲ್ ತೋಟೆಗಳನ್ನೂ ಹೊಡೆಯಬಹುದು. ಈ ಬಗೆಯಲ್ಲಿ ಎಲ್ಲರೂ ಹೆಸರಿಸುವ ಕೋಲ್ಟ್ ಪೈಥಾನ್ 1955ರಲ್ಲಿ ಬಂದು, 2005ರಲ್ಲಿ ನಿಂತು, 2020ರಲ್ಲಿ ಹೊಸ ವಿನ್ಯಾಸದೊಂದಿಗೆ ಮರಳಿತು. ಹಳೆಯದರ ಒಳಭಾಗ ಕೈಯಿಂದ ಉಜ್ಜಿ ಹೊಂದಿಸಿದ್ದು. ಅದನ್ನು ರಿಪೇರಿ ಮಾಡಬಲ್ಲವರು ಈಗ ವಿರಳ. ಇಡುವವರಿಗೆ ಹಳೆಯದು, ಹೊಡೆಯುವವರಿಗೆ ಹೊಸದು.

ಹುಟ್ಟಿದ ವರ್ಷದ ಬಂದೂಕು

ಪಡೆಯುವವರು ಹುಟ್ಟಿದ ವರ್ಷದಲ್ಲೇ ತಯಾರಾದ ಬಂದೂಕನ್ನು ಹುಡುಕಿ ಕೊಡುವುದು ನನಗೆ ಬಹಳ ಪ್ರಿಯವಾದ ಉಪಾಯ. ಹಣಕ್ಕಿಂತ ಹೆಚ್ಚಾಗಿ ಹುಡುಕಾಟದ ಶ್ರಮವೇ ಇಲ್ಲಿ ಉಡುಗೊರೆಯಾಗುತ್ತದೆ. ವರ್ಷವನ್ನು ಪತ್ತೆ ಮಾಡುವುದು ಕೆಲವೊಮ್ಮೆ ಬಹಳ ಸುಲಭ: ನಳಿಗೆಯ ಬಲವನ್ನು ಪರೀಕ್ಷಿಸುವ ಇಟಲಿಯ ಪರೀಕ್ಷಾಲಯಗಳು ಪ್ರತಿ ಬಂದೂಕಿನ ಮೇಲೂ ವರ್ಷದ ಗುರುತನ್ನು ಒತ್ತುತ್ತವೆ, 1974ರವರೆಗೆ ಹೆಚ್ಚಾಗಿ ರೋಮನ್ ಅಂಕಿಗಳು ನಡೆದವು, 1975ಕ್ಕೆ ಎರಡು ‘ಎ’ ಅಕ್ಷರಗಳು, ಅದರ ಮರುವರ್ಷಕ್ಕೆ ‘ಎ’ ಮತ್ತು ‘ಬಿ’, ಹೀಗೆ. 1975ರಲ್ಲಿ ಹುಟ್ಟಿದವರಿಗೆ ಇಟಲಿಯ ಬೆರೆಟ್ಟಾ ಕೋವಿ ಕೊಡುವುದಾದರೆ ನಳಿಗೆ ಬಿಚ್ಚಿ ಆ ಜೋಡಿ ಅಕ್ಷರವನ್ನು ಹುಡುಕಿದರಾಯಿತು. ಇಂತಹ ಸರ್ಕಾರಿ ಪರೀಕ್ಷಾಲಯವಿಲ್ಲದ ಅಮೆರಿಕದ ಬಂದೂಕುಗಳಿಗೆ ಕ್ರಮಸಂಖ್ಯೆಯೇ ಆಧಾರ. ಕೋಲ್ಟ್ ಕಂಪನಿಯು ತನ್ನ ದಫ್ತರದಿಂದ ಇಂಥ ಬಂದೂಕು ಯಾವ ದಿನ ಕಾರ್ಖಾನೆಯಿಂದ ಹೊರಟಿತು ಎಂದು ತಿಳಿಸುವ ಪತ್ರವನ್ನು ಶುಲ್ಕ ಪಡೆದು ಕೊಡುತ್ತದೆ. ಚೌಕಟ್ಟು ಹಾಕಿಸಿದ ಆ ಪತ್ರಕ್ಕೂ ತನ್ನದೇ ಆದ ಬೆಲೆಯಿದೆ.

ಆದರೆ ಎಲ್ಲರ ಹುಟ್ಟಿದ ವರ್ಷವೂ ಬಂದೂಕಿನ ಪಾಲಿಗೆ ಒಳ್ಳೆಯ ವರ್ಷವಾಗಿರುವುದಿಲ್ಲ. ವಿಂಚೆಸ್ಟರ್ 1964ರಲ್ಲಿ ಖರ್ಚು ತಗ್ಗಿಸಲು ತನ್ನ ರೈಫಲುಗಳ ತಯಾರಿಕೆಯ ಕ್ರಮವನ್ನೇ ಬದಲಿಸಿತು, ಮತ್ತು ಅಂದಿನಿಂದ ಕೊಳ್ಳುವವರು ‘ಅರವತ್ತನಾಲ್ಕಕ್ಕೆ ಮುಂಚಿನದೇ?’ ಎಂದು ಕೇಳುವುದನ್ನು ಬಿಟ್ಟಿಲ್ಲ. 1965ರಲ್ಲಿ ಹುಟ್ಟಿದ ಬಂಧುವಿಗೆ ಅದೇ ವರ್ಷದ ವಿಂಚೆಸ್ಟರ್ ಕೊಟ್ಟರೆ ಅವರು ನಕ್ಕು ತೆಗೆದುಕೊಳ್ಳುವರೋ, ಮುಖ ಚಿಕ್ಕದು ಮಾಡುವರೋ ನೀವೇ ಊಹಿಸಿ. 1960ರ ದಶಕದ ಕೊನೆ ಮತ್ತು ಮುಂದಿನ ದಶಕದ ಆರಂಭದ ಕೆಲವು ಬ್ರೌನಿಂಗ್ ಬಂದೂಕುಗಳಿಗೆ ಇನ್ನೊಂದು ಶಾಪವಿದೆ: ಮರವನ್ನು ಬೇಗ ಒಣಗಿಸಲು ಉಪ್ಪು ಬಳಸಿದ್ದರಿಂದ, ಆ ಉಪ್ಪು ತೇವವನ್ನು ಹೀರಿ ಉಕ್ಕನ್ನು ಒಳಗಿಂದೊಳಗೆ ತಿಂದುಹಾಕಿದೆ. ಮರ ಮತ್ತು ಲೋಹ ಕೂಡುವ ಅಂಚಿನಲ್ಲಿ, ಹಿಂಬದಿಯ ತಗಡಿನ ತಿರುಪುಗಳಲ್ಲಿ ತುಕ್ಕು ಕಂಡರೆ ಕೊಳ್ಳಬೇಡಿ.

ಇನ್ನೂ ಹಳೆಯದರ ಕಡೆ ಮನಸ್ಸು ಹೋದರೆ ಪರೀಕ್ಷೆ ಇನ್ನಷ್ಟು ಕಠಿಣವಾಗಬೇಕು. ಕಪ್ಪು ಮದ್ದಿನ ಕಾಲದ ನಳಿಗೆಗಳಿಗೆ ಇಂದಿನ ತೋಟೆ ಹಾಕುವಂತಿಲ್ಲ. ಹಳೆಯ ಕೋವಿಗಳ ಚೇಂಬರ್ (ನಳಿಗೆಯಲ್ಲಿ ತೋಟೆ ಕೂರುವ ಜಾಗ) ಅನೇಕ ವೇಳೆ 65 ಮಿಲಿಮೀಟರ್. ಇಂದಿನ 70 ಮಿಲಿಮೀಟರ್ ತೋಟೆ ಅದರೊಳಗೆ ಸಲೀಸಾಗಿ ಕೂತರೂ, ಹಾರುವಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ನೀರಹಕ್ಕಿಯ ಬೇಟೆಗೆ ಸೀಸದ ಚರೆ ಅಮೆರಿಕದಲ್ಲಿ 1991ರಿಂದಲೂ, ಐರೋಪ್ಯ ಒಕ್ಕೂಟದ ಜೌಗುಪ್ರದೇಶಗಳಲ್ಲಿ 2023ರಿಂದಲೂ ನಿಷಿದ್ಧ. ಬದಲಿಗೆ ಬಳಸುವ ಉಕ್ಕಿನ ಚರೆ ಹಳೆಯ ತೆಳು ನಳಿಗೆಗಳನ್ನು ಕೆಡಿಸುತ್ತದೆ, ದುಬಾರಿಯಾದ ಬಿಸ್ಮತ್ ಲೋಹದ ಚರೆಯೇ ಗತಿ. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ಉಂಗುರದಂತಹ ನೆರಳು ಕಾಣುತ್ತದೆಯೇ, ಹಿಡಿಯ ಬಳಿ ಮರ ಸಣ್ಣಗೆ ಬಿರಿದಿದೆಯೇ, ಮುಚ್ಚಿದಾಗ ಸಡಿಲಾಗಿ ಕದಲುತ್ತದೆಯೇ ಎಂಬುದನ್ನು ನೀವೂ ನೋಡಬಹುದು. ನಳಿಗೆಯ ಗೋಡೆಯ ದಪ್ಪವನ್ನು ಅಳೆಯುವುದು ಮಾತ್ರ ಬಂದೂಕು ರಿಪೇರಿ ಮಾಡುವವರ ಕೆಲಸ, ಅದಕ್ಕೆ ಹಣ ಉಳಿಸಬೇಡಿ.

ಕೆತ್ತನೆ, ಹೆಸರು ಮತ್ತು ಸ್ಮಾರಕ ಮಾದರಿ

ತಯಾರಕರು ಯಾವುದೋ ಶತಮಾನೋತ್ಸವಕ್ಕೆಂದು ಹೊರತರುವ ಚಿನ್ನದ ಬಣ್ಣದ ಸ್ಮಾರಕ ಬಂದೂಕುಗಳನ್ನು ನಾನು ಸಲಹೆ ಮಾಡುವುದಿಲ್ಲ. ವಿಂಚೆಸ್ಟರಿನ 1966ರ ಶತಮಾನೋತ್ಸವದ ರೈಫಲನ್ನು ಒಂದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಲಾಯಿತು. ಅಷ್ಟು ಸಂಖ್ಯೆಯಲ್ಲಿರುವುದು ಅಪರೂಪವಾಗುವುದು ಹೇಗೆ? ಇವುಗಳಿಗೆ ಬೆಲೆ ಉಳಿಯುವುದು ಪೆಟ್ಟಿಗೆಯೊಂದಿಗೆ, ಒಂದೂ ಗುಂಡು ಹೊಡೆಯದೆ ಇಟ್ಟರೆ ಮಾತ್ರ. ಅಂದರೆ ಪಡೆದವರಿಗೆ ಕಾವಲು ಕೆಲಸವನ್ನು ಕೊಟ್ಟಂತೆ.

ಹೆಸರು ಕೆತ್ತಿಸುವ ಆಸೆ ಸಹಜ. ಅದಕ್ಕೆ ಸರಿಯಾದ ಜಾಗ ಲೋಹದ ಪಕ್ಕೆಯಲ್ಲ, ಮರದ ಹಿಂಭಾಗದ ಅಡಿಯಲ್ಲಿ ಕೂಡಿಸುವ ಚಿಕ್ಕ ಮೊಟ್ಟೆಯಾಕಾರದ ಬೆಳ್ಳಿಯ ಅಥವಾ ಚಿನ್ನದ ಬಿಲ್ಲೆ. ಅಲ್ಲಿ ಹೆಸರಿನ ಮೊದಲಕ್ಷರ, ದಿನಾಂಕ ಎರಡೂ ಹಿಡಿಯುತ್ತವೆ. ಮುಂದೆ ಬಂದೂಕು ಮಗಳಿಗೋ ಮೊಮ್ಮಗನಿಗೋ ಹೋದಾಗ ಬಿಲ್ಲೆಯನ್ನಷ್ಟೇ ಬದಲಿಸಬಹುದು. ಲೋಹದ ಮೇಲೆಯೇ ಕೆತ್ತನೆ ಬೇಕಿದ್ದರೆ ಬಂದೂಕು ತಯಾರಾಗುವ ಹಂತದಲ್ಲೇ ಹೇಳಬೇಕು, ಏಕೆಂದರೆ ಉಕ್ಕಿನ ಹೊರಮೈಯನ್ನು ಗಡುಸಾಗಿಸಿದ ಮೇಲೆ ಉಳಿ ಓಡುವುದಿಲ್ಲ. ಮತ್ತೆ ಮೃದುವಾಗಿಸಿ, ಕೆತ್ತಿ, ಮರಳಿ ಗಡುಸಾಗಿಸಬೇಕಾಗುತ್ತದೆ. ಲೇಸರಿನ ಕೆತ್ತನೆಯನ್ನು ಕೈಕೆತ್ತನೆಯೆಂದು ಮಾರುವವರಿದ್ದಾರೆ. ಭೂತಗನ್ನಡಿಯಲ್ಲಿ ನೋಡಿದರೆ ಉಳಿಯ ಗೆರೆ ಆಳದಲ್ಲಿ ಏರಿಳಿದು ಹೊಳೆಯುತ್ತದೆ, ಲೇಸರಿನ ಗೆರೆ ಉದ್ದಕ್ಕೂ ಒಂದೇ ಆಳದಲ್ಲಿ ಮಂಕಾಗಿರುತ್ತದೆ. ಕ್ರಮಸಂಖ್ಯೆಯ ಹತ್ತಿರ ಯಾರ ಉಳಿಯನ್ನೂ ಬಿಡಬಾರದು, ಅದು ಅಳಿಸಿದರೆ ಅಪರಾಧ. ದಂತದ ಹಿಡಿಕೆಯೂ ಬೇಡ. ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧಗಳಿಂದಾಗಿ ಅದನ್ನು ಗಡಿ ದಾಟಿಸುವುದೇ ಒಂದು ಕಾಟ.

ಅಳತೆಯ ಮಾತು

ಪಡೆಯುವವರನ್ನು ಕರೆದೊಯ್ಯಲು ಸಾಧ್ಯವೇ ಇಲ್ಲದಿದ್ದರೆ, ಅವರು ಈಗ ಚೆನ್ನಾಗಿ ಹೊಡೆಯುತ್ತಿರುವ ಕೋವಿಯನ್ನು, ಅದಕ್ಕೆ ಕೈ ಹಾಕಲು ಕಾನೂನು ಬಿಡುವವರ ಮೂಲಕ ಅಳೆಯಿಸಿ: ಟ್ರಿಗರಿನಿಂದ ಮರದ ಹಿಂತುದಿಯವರೆಗಿನ ಉದ್ದ, ನಳಿಗೆಯ ಮಟ್ಟದಿಂದ ಕೆನ್ನೆ ತಾಗುವ ಜಾಗ ಎಷ್ಟು ಕೆಳಗಿದೆ, ಮರವು ಬಲಕ್ಕೋ ಎಡಕ್ಕೋ ಎಷ್ಟು ಬಾಗಿದೆ. ಈ ಮೂರು ಸಿಕ್ಕರೆ ಮುಕ್ಕಾಲು ಕೆಲಸ ಆದಂತೆ. ಅಂಗಡಿಯ ಕೋವಿಗಳಲ್ಲಿ ಟ್ರಿಗರಿನಿಂದ ಹಿಂತುದಿಯವರೆಗಿನ ಈ ಉದ್ದ ಸುಮಾರು 37 ಸೆಂಟಿಮೀಟರಿನ ಆಸುಪಾಸಿನಲ್ಲಿದ್ದು, ಸರಾಸರಿ ಎತ್ತರದ ಗಂಡಸರಿಗೆ ಒಪ್ಪುತ್ತದೆ. ಹೆಂಗಸರಿಗೆ ಬಹಳ ಸಲ ಉದ್ದ ಕಡಿಮೆ, ಕೆನ್ನೆಯ ಜಾಗ ಎತ್ತರ ಬೇಕಾಗುತ್ತದೆ. ಕುತ್ತಿಗೆ ಬಿಗಿಯುತ್ತಾ ಬಂದ ಹಿರಿಯರಿಗೂ ಆ ಎತ್ತರ ಹಿತ. ಬಲಗೈಯವರಾಗಿದ್ದು ಎಡಗಣ್ಣು ಪ್ರಬಲವಾಗಿರುವವರು ನಾವಂದುಕೊಂಡದ್ದಕ್ಕಿಂತ ಹೆಚ್ಚು ಜನರಿದ್ದಾರೆ, ಅದನ್ನೂ ವಿಚಾರಿಸಿ. ಮರವನ್ನು ಕತ್ತರಿಸಿ ಗಿಡ್ಡ ಮಾಡುವುದು ಸುಲಭ, ತುಂಡು ಸೇರಿಸಿ ಉದ್ದ ಮಾಡಿದರೆ ಜೋಡಿಸಿದ ಗೆರೆ ಕಾಣುತ್ತದೆ. ಆದ್ದರಿಂದ ಅನುಮಾನವಿದ್ದರೆ ಉದ್ದನೆಯದನ್ನೇ ಕೊಳ್ಳಿ. ಮೈಯಳತೆಗೆ ಹೇಳಿ ಮಾಡಿಸುವುದಾದರೆ ಹೆಸರಾಂತ ತಯಾರಕರಲ್ಲಿ ಒಂದೂವರೆ ವರ್ಷಕ್ಕೂ ಹೆಚ್ಚು ಕಾಯಬೇಕಾಗುವುದರಿಂದ, ಐವತ್ತರ ಉಡುಗೊರೆಯ ಮಾತನ್ನು ನಲವತ್ತೆಂಟರಲ್ಲೇ ಎತ್ತಬೇಕು.

ಬಂದೂಕಿನ ಹಣದಲ್ಲಿ ಒಂದು ಪಾಲನ್ನು ಬೀಗವಿರುವ ಉಕ್ಕಿನ ಕಪಾಟಿಗೆ ತೆಗೆದಿಡಿ. ಚರ್ಮದ ಪೆಟ್ಟಿಗೆ ಕೊಡಬಾರದೆಂದಲ್ಲ, ಆದರೆ ಅದು ಪ್ರಯಾಣಕ್ಕೆ ಮಾತ್ರ ಎಂದು ಹೇಳಿಯೇ ಕೊಡಿ. ಚರ್ಮವು ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಪ್ರೀತಿಯಿಂದ ಅದರೊಳಗೇ ಮಲಗಿಸಿಟ್ಟ ಕೋವಿಯ ನಳಿಗೆ ಮುಂದಿನ ಹುಟ್ಟುಹಬ್ಬದ ಹೊತ್ತಿಗೆ ತುಕ್ಕು ಹಿಡಿದಿರುತ್ತದೆ.